ಕಾಫಿ ಎಲೆಯ ತುಕ್ಕು ಮತ್ತು ಕೊರೊನಾ ಅಲೆಗಳು

ಕೊರೊನಾ ಒಂದೇ ಸಲ ಬಂದು ಹೋಗಲಿಲ್ಲ. ಅಲೆ ಅಲೆಯಾಗಿ ಬಂದಿತು. ಹೀಗೇಕೆ? ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ತೋಟಗಳಲ್ಲಿ ಇದನ್ನು ತಿಳಿಯಲು ನೆರವಾಗುವ ಉದಾಹರಣೆಯೊಂದಿದೆ.

ಅರೇಬಿಕಾ ಗಿಡದ ಎಲೆಯನ್ನು ಮಗುಚಿ ನೋಡಿ. ಕಿತ್ತಳೆ ಬಣ್ಣದ ಪುಡಿ ಕಂಡರೆ ಅದು ಎಲೆ ತುಕ್ಕು ರೋಗ. ಇದಕ್ಕೆ ಕಾರಣ ವೈರಸ್ ಅಲ್ಲ, ಒಂದು ಶಿಲೀಂಧ್ರ. ಆದರೂ ಹರಡುವ ಲೆಕ್ಕದಲ್ಲಿ ಎರಡಕ್ಕೂ ಹೋಲಿಕೆಯಿದೆ.

1911ರಲ್ಲಿ ಮೈಸೂರು ಸೀಮೆಯ ತೋಟಗಾರ ಕೆಂಟ್ ಎಂಬುವರು ತುಕ್ಕು ತಗಲದ ಗಿಡವನ್ನು ಆರಿಸಿದರು. ‘ಕೆಂಟ್ಸ್’ ತಳಿ ಬೇಗನೆ ಜನಪ್ರಿಯವಾಯಿತು. ಆದರೆ ಕೆಲವು ವರ್ಷಗಳ ನಂತರ ಅದಕ್ಕೂ ತುಕ್ಕು ಹಿಡಿಯಿತು. ಬದಲಾದದ್ದು ಗಿಡವಲ್ಲ, ಶಿಲೀಂಧ್ರ. ಎಲ್ಲೆಡೆ ಒಂದೇ ತಳಿ ಇದ್ದಾಗ, ಅದರ ರಕ್ಷಣೆಯನ್ನು ಭೇದಿಸಬಲ್ಲ ರೂಪವೇ ಉಳಿದು ಬೆಳೆಯುತ್ತದೆ. ಈ ಶಿಲೀಂಧ್ರದಲ್ಲಿ ಬೇರೆ ಬೇರೆ ಪ್ರಭೇದಗಳಿವೆಯೆಂದು 1930ರ ದಶಕದಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ವಿಜ್ಞಾನಿ ಮೇನ್ ತೋರಿಸಿಕೊಟ್ಟರು.

ಇನ್ನು ಸಮಯದ ಮಾತು. ಮೈಲುತುತ್ತ ಮತ್ತು ಸುಣ್ಣದಿಂದ ಮಾಡಿದ ಬೋರ್ಡೋ ದ್ರಾವಣವನ್ನು ಬೆಳೆಗಾರರು ಮುಂಗಾರಿಗೆ ಮೊದಲೇ ಎಲೆಯ ಅಡಿಭಾಗಕ್ಕೆ ಸಿಂಪಡಿಸುತ್ತಾರೆ. ಅದು ಶಿಲೀಂಧ್ರದ ಬೀಜಕಣ ಮೊಳೆಯದಂತೆ ತಡೆಯುತ್ತದೆ. ಒಳಹೊಕ್ಕ ರೋಗವನ್ನು ಗುಣಪಡಿಸುವುದಿಲ್ಲ. ಒಳಹೊಕ್ಕ ರೋಗ ಕಣ್ಣಿಗೆ ಕಾಣಲು ಕೆಲವು ವಾರಗಳೇ ಬೇಕು. ಕಂಡ ಮೇಲೆ ಸಿಂಪಡಿಸಿದರೆ ತಡವಾಯಿತೆಂದೇ ಅರ್ಥ.

ಈಗ ಒಂದು ಲೆಕ್ಕ ಮಾಡಿ. ಒಬ್ಬ ರೋಗಿಯಿಂದ ಇಬ್ಬರಿಗೆ ಸೋಂಕು ತಗಲಿದರೆ ಐದನೆಯ ಸುತ್ತಿನಲ್ಲಿ 32 ಹೊಸ ರೋಗಿಗಳು. ಮೂವರಿಗೆ ತಗಲಿದರೆ 243! ರೂಪಾಂತರಿ ಮಾಡುವ ವ್ಯತ್ಯಾಸ ಇದು. ಇಬ್ಬರಿಗೆ ಹರಡುವ ರೋಗವನ್ನೇ ಎರಡು ಸುತ್ತು ತಡವಾಗಿ ತಡೆದರೆ 32 ಇದ್ದದ್ದು 128 ಆಗಿರುತ್ತದೆ. ತಡ ಮಾಡಿದ್ದಕ್ಕೆ ತೆರುವ ಬೆಲೆ ಇದು.

ಕೊರೊನಾದಲ್ಲೂ ಹೀಗೆಯೇ ಆಯಿತು. 2020ರ ಮಾರ್ಚ್ 25ರಂದು, ಸೋಂಕು ಇನ್ನೂ ವಿರಳವಾಗಿದ್ದಾಗಲೇ, ದೇಶವ್ಯಾಪಿ ಲಾಕ್‌ಡೌನ್ ಆರಂಭವಾಯಿತು. ಮೇ ಮಧ್ಯದವರೆಗೂ ಚಿಕ್ಕಮಗಳೂರು ಜಿಲ್ಲೆಯಲ್ಲಿ ಒಂದು ಪ್ರಕರಣವೂ ದೃಢಪಟ್ಟಿರಲಿಲ್ಲ. 2021ರಲ್ಲಿ ಬಂದದ್ದು ಹೆಚ್ಚು ವೇಗವಾಗಿ ಹರಡುವ ಡೆಲ್ಟಾ. ಏಪ್ರಿಲ್ 27ರ ರಾತ್ರಿ ರಾಜ್ಯದಲ್ಲಿ ಕರ್ಫ್ಯೂ ಜಾರಿಯಾಗುವ ವೇಳೆಗೆ ಸೋಂಕು ವ್ಯಾಪಕವಾಗಿತ್ತು. ಮೇ 5ರಂದು ಒಂದೇ ದಿನ ಕರ್ನಾಟಕದಲ್ಲಿ 50,000ಕ್ಕೂ ಹೆಚ್ಚು ಪ್ರಕರಣಗಳು ವರದಿಯಾದವು. ಆಸ್ಪತ್ರೆಗಳಲ್ಲಿ ಹಾಸಿಗೆ, ಆಮ್ಲಜನಕಕ್ಕೆ ಜನ ಪರದಾಡಿದರು. ಮೊದಲೇ ಒಳಹೊಕ್ಕ ಸೋಂಕು ಕರ್ಫ್ಯೂ ನಂತರವೂ ಹೊರಬೀಳುತ್ತಲೇ ಇತ್ತು.

2021ರ ಡಿಸೆಂಬರ್ 2ರಂದು ದೇಶದ ಮೊದಲ ಎರಡು ಓಮಿಕ್ರಾನ್ ಪ್ರಕರಣಗಳು ಕರ್ನಾಟಕದಲ್ಲೇ ಪತ್ತೆಯಾದವು. ಲಸಿಕೆ ಪಡೆದವರಿಗೂ ಓಮಿಕ್ರಾನ್ ತಗಲಿತು. ಆದರೆ ಅಲೆಗೆ ಮೊದಲೇ ಹಾಕಿಸಿಕೊಂಡ ಲಸಿಕೆ ಬಹಳ ಮಂದಿಯನ್ನು ತೀವ್ರ ಕಾಯಿಲೆಯಿಂದ ಕಾಪಾಡಿತು.

ಹೊಸ ರೂಪಾಂತರಿಯ ಸುದ್ದಿ ಕೇಳಿದಾಗ ಎರಡು ಪ್ರಶ್ನೆ ಕೇಳಿಕೊಳ್ಳಿ: ಇದು ಎಷ್ಟು ವೇಗವಾಗಿ ಹರಡುತ್ತದೆ? ನಮ್ಮಲ್ಲಿ ಈಗಿರುವ ರಕ್ಷಣೆಯನ್ನು ದಾಟಬಲ್ಲದೇ? ಉತ್ತರ ಬರುವವರೆಗೆ ಕಾಯದೆ ಮಾಡಬಹುದಾದ ಕೆಲಸಗಳೂ ಇವೆ: ಜ್ವರ, ಕೆಮ್ಮು ಇದ್ದಾಗ ತರಗತಿಗೆ ಹೋಗದಿರುವುದು, ಪರೀಕ್ಷೆ ಮಾಡಿಸುವುದು, ಮನೆಯ ಹಿರಿಯರಿಂದ ದೂರವಿರುವುದು. ಒಬ್ಬರಿಂದ ಸರಾಸರಿ ಒಬ್ಬರಿಗಿಂತ ಕಡಿಮೆ ಮಂದಿಗೆ ಸೋಂಕು ತಗಲಿದಾಗ ಅಲೆ ಇಳಿಯುತ್ತದೆ.