ಅಭ್ಯಾಸ ಪರೀಕ್ಷೆಯ ಅಂಕ ಇಳಿದರೆ ಕಂಗೆಡಬೇಡಿ

ನಿಮ್ಮ ಮನೆಯಲ್ಲಿ ಗೇಟ್ ಪರೀಕ್ಷೆಗೆ ಓದುತ್ತಿರುವ ಮಗನೋ ಮಗಳೋ ಇದ್ದರೆ ಡಿಸೆಂಬರ್, ಜನವರಿ ತಿಂಗಳುಗಳು ಹೇಗೆ ಕಳೆಯುತ್ತವೆಂದು ನಿಮಗೆ ಗೊತ್ತು. ಕೋಣೆಯ ಬಾಗಿಲು ಮುಚ್ಚಿರುತ್ತದೆ. ಮೂರು ಗಂಟೆಗಳ ಅಭ್ಯಾಸ ಪರೀಕ್ಷೆ, ಅಂದರೆ ಮಾಕ್ ಟೆಸ್ಟ್, ಮುಗಿದು ಬಾಗಿಲು ತೆರೆದಾಗ ಮುಖ ನೋಡಿದರೇ ಅಂಕ ತಿಳಿದುಬಿಡುತ್ತದೆ. ಹೋದ ವಾರ 52 ಬಂದಿತ್ತು, ಈ ವಾರ 41. ಊಟ ಸೇರುವುದಿಲ್ಲ, ಮಾತು ಬೇಡ, ರಾತ್ರಿ ಎರಡು ಗಂಟೆಯಾದರೂ ದೀಪ ಆರುವುದಿಲ್ಲ. ತಂದೆತಾಯಿಯರಿಗೆ ಏನು ಹೇಳಬೇಕೆಂದು ತೋಚುವುದಿಲ್ಲ.

ಎಂಜಿನಿಯರಿಂಗ್ ಮುಗಿಸಿದವರು ಎಂ.ಟೆಕ್. ಸೇರಲು ಬರೆಯುವ ಗೇಟ್ ಪರೀಕ್ಷೆಗೂ ನಮ್ಮ ಹಳೆಯ ಬೆಂಗಳೂರಿಗೂ ಹತ್ತಿರದ ನಂಟು. ಇದನ್ನು ಸರದಿಯಂತೆ ನಡೆಸುವ ಎಂಟು ಸಂಸ್ಥೆಗಳಲ್ಲಿ ಒಂದಾದ ಭಾರತೀಯ ವಿಜ್ಞಾನ ಸಂಸ್ಥೆ, ಹಿರಿಯರ ಬಾಯಲ್ಲಿ ‘ಟಾಟಾ ಇನ್‌ಸ್ಟಿಟ್ಯೂಟ್’, ಮಲ್ಲೇಶ್ವರದ ಮಗ್ಗುಲಲ್ಲೇ ಇದೆ. 2024ರ ಪರೀಕ್ಷೆಯ ಹೊಣೆ ಅದರದೇ ಆಗಿತ್ತು. ಆದರೆ ಇಲ್ಲಿ ಹೇಳುವ ಮಾತು ಗೇಟ್‌ಗೆ ಮಾತ್ರವಲ್ಲ. ಪಿಜಿಸಿಇಟಿ, ಕ್ಯಾಟ್, ವೈದ್ಯರು ಬರೆಯುವ ನೀಟ್-ಪಿಜಿ ಎಲ್ಲಕ್ಕೂ ಅನ್ವಯಿಸುತ್ತದೆ.

ಒಂದು ಅಂಕದಿಂದ ತೀರ್ಮಾನ ಬೇಡ

ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದವರ ರಕ್ತದೊತ್ತಡ ಅಳೆದು, ಹೆಚ್ಚಿದೆ ಎಂದು ಯಾವ ವೈದ್ಯರೂ ಒಡನೆಯೇ ಮಾತ್ರೆ ಬರೆದುಕೊಡುವುದಿಲ್ಲ. ಕೂರಿಸಿ, ಮತ್ತೊಮ್ಮೆ ಅಳೆದು, ಬೇರೆ ದಿನವೂ ನೋಡುತ್ತಾರೆ. ಅಭ್ಯಾಸ ಪರೀಕ್ಷೆಯ ಅಂಕವೂ ಇಂಥದೇ. ಹಿಂದಿನ ರಾತ್ರಿ ನಿದ್ದೆ ಕೆಟ್ಟಿರಬಹುದು. ಕೆಲಸ ಮುಗಿಸಿ ಬಸ್ಸಿನಲ್ಲಿ ನಿಂತು ಬಂದು ರಾತ್ರಿ ಒಂಬತ್ತಕ್ಕೆ ಪರೀಕ್ಷೆಗೆ ಕೂತಿರಬಹುದು. ಪ್ರಶ್ನೆಪತ್ರಿಕೆಯೇ ಕಷ್ಟದ್ದಿರಬಹುದು. ಗೇಟ್‌ನಲ್ಲಿಯೇ ಒಂದು ವಿಷಯದ ಪರೀಕ್ಷೆ ಒಂದಕ್ಕಿಂತ ಹೆಚ್ಚು ಅವಧಿಗಳಲ್ಲಿ ನಡೆದರೆ, ಪತ್ರಿಕೆಗಳ ಕಷ್ಟದಲ್ಲಿ ವ್ಯತ್ಯಾಸವಿರುತ್ತದೆಂದು ಅಂಕಗಳನ್ನು ಸರಿದೂಗಿಸುತ್ತಾರೆ. ಹಾಗಿರುವಾಗ ಬೇರೆ ಬೇರೆಯವರು ತಯಾರಿಸಿದ ಎರಡು ಪತ್ರಿಕೆಗಳ ಅಂಕವನ್ನು ನೇರವಾಗಿ ಹೋಲಿಸಿ ಮರುಗುವುದು ಸರಿಯಲ್ಲ. ನಾಲ್ಕೈದು ಪರೀಕ್ಷೆಗಳ ಸರಾಸರಿ ಯಾವ ಕಡೆಗೆ ಸಾಗಿದೆ ಎಂಬುದನ್ನು ನೋಡಿ.

ಅಭ್ಯಾಸ ಪರೀಕ್ಷೆ ಬರೆಯುವುದೇ ಒಂದು ಕಲಿಕೆ ಎಂಬುದನ್ನೂ ಮರೆಯಬಾರದು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟು ನೋಡಿದರು. ಐದು ನಿಮಿಷದ ನಂತರ ಕೇಳಿದಾಗ, ಪಾಠವನ್ನು ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ಅಭ್ಯಾಸ ಮಾಡಿದವರೇ ಹೆಚ್ಚು ನೆನಪಿಟ್ಟುಕೊಂಡಿದ್ದರು. ಕಡಿಮೆ ಅಂಕ ಬಂದ ಪರೀಕ್ಷೆಯಿಂದಲೂ ಲಾಭವುಂಟು.

ಅಂಕ ಹೋದದ್ದೆಲ್ಲಿ?

‘ನನಗೆ ಏನೂ ಬರುವುದಿಲ್ಲ’ ಎಂಬುದು ದುಃಖದ ಮಾತು, ಲೆಕ್ಕದ ಮಾತಲ್ಲ. ತಪ್ಪಾದ ಪ್ರಶ್ನೆಗಳನ್ನು ಮೂರು ಗುಂಪು ಮಾಡಿ. ಮೊದಲನೆಯದು, ವಿಷಯವೇ ಗೊತ್ತಿರಲಿಲ್ಲ. ಎರಡನೆಯದು, ಗೊತ್ತಿತ್ತು, ಅವಸರದಲ್ಲಿ ತಪ್ಪಾಯಿತು. ಮೂರನೆಯದು, ಗೊತ್ತಿಲ್ಲದಿದ್ದರೂ ಊಹೆಯಿಂದ ಗುರುತು ಹಾಕಿದ್ದು.

ಗೇಟ್‌ನಲ್ಲಿ 65 ಪ್ರಶ್ನೆ, 100 ಅಂಕ. ಒಂದೇ ಉತ್ತರ ಆರಿಸುವ ಎರಡಂಕದ ಪ್ರಶ್ನೆ ತಪ್ಪಾದರೆ ಮೂರರಲ್ಲಿ ಎರಡು ಭಾಗ ಅಂಕ ಕಳೆಯುತ್ತಾರೆ. ಅಂಥ ಒಂಬತ್ತು ಪ್ರಶ್ನೆಗಳಿಗೆ ಕಣ್ಣುಮುಚ್ಚಿ ಉತ್ತರ ಹಾಕಿ ಎಲ್ಲವೂ ತಪ್ಪಾದರೆ, ದುಡಿದ ಅಂಕದಲ್ಲಿ ಆರು ಹೋಯಿತು. ಆದರೆ ಸಂಖ್ಯೆಯನ್ನೇ ಉತ್ತರವಾಗಿ ಬರೆಯುವ ಪ್ರಶ್ನೆಗಳಿಗೆ ಈ ಕಡಿತವಿಲ್ಲ; ಅವನ್ನು ಖಾಲಿ ಬಿಡುವುದೇ ನಷ್ಟ. ಎರಡನೆಯ, ಮೂರನೆಯ ಗುಂಪಿನ ತಪ್ಪುಗಳಿಗೆ ಹೊಸ ಪುಸ್ತಕ ಬೇಡ, ತಾಳ್ಮೆ ಸಾಕು. ಮೊದಲನೆಯ ಗುಂಪಿಗೆ ಮಾತ್ರ ಓದು ಬೇಕು. ಹೀಗೆ ವಿಂಗಡಿಸಿದಾಗ ಬೆಟ್ಟದಂತೆ ಕಂಡ ಸೋಲು ನಾಲ್ಕಾರು ಅಧ್ಯಾಯಗಳಾಗಿ ಕರಗುವುದುಂಟು.

ನಿದ್ದೆ ಮತ್ತು ಕಾಫಿ

ಅಂಕ ಇಳಿದಾಗ ಬಹಳ ಮಂದಿ ಮಾಡುವ ಮೊದಲ ಕೆಲಸ ನಿದ್ದೆ ಕಡಿತ. ಇದು ಗಾಯದ ಮೇಲೆ ಬರೆ ಎಳೆದಂತೆ. ಹಗಲು ಓದಿದ್ದು ಮಿದುಳಿನಲ್ಲಿ ನೆಲೆಯೂರುವುದೇ ನಿದ್ದೆಯಲ್ಲಿ. ವಯಸ್ಕರಿಗೆ ಕನಿಷ್ಠ ಏಳು ಗಂಟೆ ನಿದ್ದೆ ಬೇಕು. ನಿದ್ದೆಗೆಟ್ಟವರಿಗೆ ಗಮನ ಚದುರುತ್ತದೆ, ಕೂಡುವಲ್ಲಿ ಕಳೆಯುತ್ತಾರೆ, ಸಣ್ಣ ಮಾತಿಗೂ ಸಿಡುಕುತ್ತಾರೆ.

ಇನ್ನು ನಮ್ಮ ಫಿಲ್ಟರ್ ಕಾಫಿ. ಕುಡಿದ ಕೆಫೀನ್‌ನಲ್ಲಿ ಅರ್ಧದಷ್ಟನ್ನು ದೇಹ ಹೊರಹಾಕಲು ಸುಮಾರು ಐದು ಗಂಟೆ ಹಿಡಿಯುತ್ತದೆ. ರಾತ್ರಿ ಹತ್ತಕ್ಕೆ ಸ್ಟ್ರಾಂಗ್ ಕಾಫಿ ಕುಡಿದರೆ ಬೆಳಗಿನ ಜಾವ ಮೂರಕ್ಕೂ ಅದರರ್ಧ ರಕ್ತದಲ್ಲಿರುತ್ತದೆ. ಮಧ್ಯಾಹ್ನ ಮೂರರ ಕಾಫಿಯೇ ದಿನದ ಕೊನೆಯದಾಗಲಿ. ಬೆಳಿಗ್ಗೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಬಸವನಗುಡಿಯವರಿಗೆ ಲಾಲ್‌ಬಾಗ್, ಮಲ್ಲೇಶ್ವರದವರಿಗೆ ಸ್ಯಾಂಕಿ ಕೆರೆ ಹತ್ತಿರವೇ ಇದೆ. ಚಾಮರಾಜಪೇಟೆಯ ಅಡ್ಡರಸ್ತೆಗಳಲ್ಲಿ ನಾಲ್ಕು ಸುತ್ತು ಬಂದರೂ ಆದೀತು.

ಗೇಟ್ ಇತ್ತೀಚಿನ ವರ್ಷಗಳಲ್ಲಿ ಬೆಳಿಗ್ಗೆ 9.30ಕ್ಕೆ ಅಥವಾ ಮಧ್ಯಾಹ್ನ 2.30ಕ್ಕೆ ಆರಂಭವಾಗುತ್ತಿದೆ. ಅಭ್ಯಾಸ ಪರೀಕ್ಷೆಯನ್ನೂ ಅದೇ ಹೊತ್ತಿಗೆ ಬರೆಯಿರಿ. ನಡುರಾತ್ರಿಯ ದಣಿವಿನಲ್ಲಿ ಬಂದ ಅಂಕ ನಿಮ್ಮ ಶಕ್ತಿಯ ಅಳತೆಯಲ್ಲ.

ಎದೆ ಹೊಡೆದುಕೊಂಡಾಗ

ಗಡಿಯಾರ ನೋಡಿದೊಡನೆ ಎದೆ ಡವಗುಟ್ಟುವುದು, ಅಂಗೈ ಬೆವರುವುದು ಅಡ್ರಿನಲಿನ್ ರಸದ ಕೆಲಸ. ಸ್ವಲ್ಪ ಇದ್ದರೆ ಅದು ಎಚ್ಚರ ಕೊಡುತ್ತದೆ. ಅತಿಯಾದರೆ ಓದಿದ ಸೂತ್ರವೂ ನೆನಪಿಗೆ ಬಾರದು. ಆಗ ಪೆನ್ನು ಕೆಳಗಿಟ್ಟು, ನಾಲ್ಕು ಎಣಿಸುತ್ತ ಉಸಿರು ಎಳೆದು ಆರು ಎಣಿಸುತ್ತ ನಿಧಾನವಾಗಿ ಬಿಡಿ. ಐದಾರು ಸಲ ಸಾಕು. ಮನಸ್ಸಿನ ಭಯವನ್ನು ಹಾಳೆಯ ಮೇಲೆ ಬರೆದುಬಿಡುವುದು ಇನ್ನೊಂದು ಉಪಾಯ. ಪರೀಕ್ಷೆಗೆ ಮೊದಲು ಹತ್ತು ನಿಮಿಷ ತಮ್ಮ ಆತಂಕವನ್ನು ಬರೆದಿಟ್ಟ ವಿದ್ಯಾರ್ಥಿಗಳು ಉತ್ತಮವಾಗಿ ಬರೆದರೆಂದು ಷಿಕಾಗೋ ವಿಶ್ವವಿದ್ಯಾನಿಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದರು. ಎಲ್ಲರಿಗೂ ಒಂದೇ ಫಲ ಸಿಗಲಾರದು. ಆದರೆ ಖರ್ಚಿಲ್ಲದ ಮದ್ದು, ಮಾಡಿ ನೋಡಬಹುದು.

ಮನೆಯವರಿಗೆ ಒಂದು ಮಾತು

ಪರೀಕ್ಷೆ ಫೆಬ್ರುವರಿಯಲ್ಲಿ, ಸಂಕ್ರಾಂತಿ ಜನವರಿಯಲ್ಲಿ. ಎಳ್ಳು ಬೀರಲು ಬಂದವರು ‘ಏನಪ್ಪಾ, ಎಷ್ಟು ಬರ್ತಿದೆ?’ ಎಂದು ಕೇಳದೆ ಬಿಡುವುದಿಲ್ಲ. ಆ ಉತ್ತರವನ್ನು ತಾಯಿತಂದೆಯರೇ ಕೊಡಲಿ: ‘ಓದ್ತಾ ಇದ್ದಾನೆ, ಆಗುತ್ತೆ.’ ಅಲ್ಲಿಗೆ ಮುಗಿಯಲಿ. ಪಕ್ಕದ ಮನೆಯ ಹುಡುಗಿಯ ರ‍್ಯಾಂಕ್ ನೆನಪಿಸುವುದು, ಕೋಚಿಂಗ್‌ಗೆ ಕಟ್ಟಿದ ದುಡ್ಡಿನ ಲೆಕ್ಕ ಹೇಳುವುದು ಬೇಡ. ಅಂಕ ಕೇಳುವ ಬದಲು ‘ಊಟಕ್ಕೆ ಬಾ’ ಎಂದು ಕರೆಯಿರಿ. ಜೊತೆಯಲ್ಲಿ ಕೂತು ಉಣ್ಣುವ ಇಪ್ಪತ್ತು ನಿಮಿಷ ಓದಿಗೆ ನಷ್ಟವಲ್ಲ.

ನೆರವು ಯಾವಾಗ ಬೇಕು?

ಒಂದೆರಡು ದಿನದ ಬೇಸರ ಸಹಜ. ಆದರೆ ಎರಡು ವಾರವಾದರೂ ಮಂಕು ಕವಿದೇ ಇದ್ದರೆ, ನಿದ್ದೆ, ಹಸಿವು ಕೆಟ್ಟಿದ್ದರೆ, ಸ್ನೇಹಿತರನ್ನೂ ದೂರ ಮಾಡಿದ್ದರೆ ವೈದ್ಯರ ಬಳಿ ಕರೆದೊಯ್ಯಿರಿ. ‘ನಾನಿದ್ದು ಏನು ಪ್ರಯೋಜನ’ ಎಂಬಂಥ ಮಾತು ಬಂದರಂತೂ ಒಂದು ದಿನವೂ ತಡಮಾಡಬೇಡಿ, ಒಬ್ಬರನ್ನೇ ಬಿಡಬೇಡಿ. ‘ಸಾಯಬೇಕೆಂದು ಅನ್ನಿಸುತ್ತಿದೆಯೇ?’ ಎಂದು ನೇರವಾಗಿ, ಪ್ರೀತಿಯಿಂದ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೇಳಿಕೊಂಡರೆ ಭಾರ ಇಳಿಯುತ್ತದೆ. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲೂ ಚಿಕಿತ್ಸೆ ದೊರೆಯುತ್ತದೆ.

ಎಷ್ಟು ಶ್ರಮಪಟ್ಟರೂ ಅಂಕ ಏರದೆ ಹೋಗುವುದೂ ಉಂಟು. ಅದನ್ನು ಮುಚ್ಚಿಡುವುದು ಬೇಡ. ಗೇಟ್ ಪ್ರತಿವರ್ಷ ನಡೆಯುತ್ತದೆ. ರಾಜ್ಯದ ಕಾಲೇಜುಗಳ ಎಂ.ಟೆಕ್. ಸೀಟುಗಳಿಗೆ, ಮಲ್ಲೇಶ್ವರದಲ್ಲೇ ಕಚೇರಿ ಇರುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪಿಜಿಸಿಇಟಿ ಇದೆ. ಒಂದೆರಡು ವರ್ಷ ದುಡಿದು ಮತ್ತೆ ಓದಿದವರೂ ಬೇಕಾದಷ್ಟಿದ್ದಾರೆ. ಪರೀಕ್ಷೆಯನ್ನು ಮತ್ತೊಮ್ಮೆ ಬರೆಯಬಹುದು. ಮೊದಲು ಆರೋಗ್ಯ ಉಳಿಸಿಕೊಳ್ಳಿ.