ತಟ್ಟೆಯ ವೇಗ, ಹಾಡಿನ ಶ್ರುತಿ

ಯಡಿಯೂರು ಕೆರೆಗೆ ಸಮೀಪದ ಒಂದು ಮನೆಯ ಮಹಡಿಯಲ್ಲಿ ತಿಂಗಳಿಗೊಂದು ಶನಿವಾರ ಸಂಜೆ ನಾವು ಆರೇಳು ಮಂದಿ ಸೇರುತ್ತೇವೆ. ಒಬ್ಬೊಬ್ಬರೂ ತಮಗೆ ಪ್ರಿಯವಾದ ಒಂದು ಜಾಝ್ ತಟ್ಟೆಯನ್ನು ತರಬೇಕು, ಎಲ್ಲರೂ ಕೇಳಬೇಕು, ಅನಂತರ ತೃಪ್ತಿಯಾಗುವವರೆಗೆ ಜಗಳವಾಡಬೇಕು. ಇಷ್ಟೇ ನಮ್ಮ ನಿಯಮ. ಜಾಝ್ ಎಂಬುದು ಆಫ್ರಿಕನ್ ಮೂಲದ ಅಮೆರಿಕನ್ನರಲ್ಲಿ ಹುಟ್ಟಿ ಬೆಳೆದ ಸಂಗೀತ. ವಾದಕನು ಆ ಕ್ಷಣದಲ್ಲಿ ತೋಚಿದ ಸಂಚಾರಗಳನ್ನು ಹೆಣೆಯುತ್ತ ಹೋಗುವುದೇ ಅದರ ಜೀವಾಳ. ಆದುದರಿಂದ ಕಲ್ಪನಾಸ್ವರಗಳಿಗೆ ಒಗ್ಗಿದ ನಮ್ಮ ಕಿವಿಗೆ ಅದು ತೀರ ಪರಕೀಯವೆನಿಸದು. ನಮ್ಮ ಜಗಳಗಳಲ್ಲಿ ಎರಡು ಮಾತ್ರ ಸಂಗೀತಶಾಸ್ತ್ರದಿಂದ ತೀರದೆ ಭೌತಶಾಸ್ತ್ರದ ಮೊರೆಹೊಕ್ಕವು.

ಮೊದಲನೆಯದಕ್ಕೆ ಕಾರಣ ಒಂದು ಹಳೆಯ ತಟ್ಟೆಯಂತ್ರ. ಮಿತ್ರರೊಬ್ಬರ ಅಣ್ಣ ಅದನ್ನು ಅಮೆರಿಕದಿಂದ ತಂದಿದ್ದರು. ಅಲ್ಲಿಯ ಮನೆಗಳ ವಿದ್ಯುತ್ತು ಸುಮಾರು 120 ವೋಲ್ಟ್, ಇಲ್ಲಿಯದು 230. ನಡುವೆ ಒಂದು ಟ್ರಾನ್ಸ್‌ಫಾರ್ಮರನ್ನು ಜೋಡಿಸಿ ಡ್ಯೂಕ್ ಎಲಿಂಗ್ಟನ್ನನ ಮೇಳವನ್ನು ಕೇಳಿದೆವು. ನಿಧಾನ, ಗಂಭೀರ, ತುಂಬು ನಾದ. “ಎಂಥ ಸಂಯಮ!” ಎಂದು ತಲೆದೂಗಿದವರಲ್ಲಿ ನಾನೂ ಒಬ್ಬನೆಂಬುದನ್ನು ಮುಚ್ಚಿಡಲಾರೆ. ಆಮೇಲೆ ‘ಜ್ಯೋತಿ’ಯ ಸರದಿ ಬಂದಿತು. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ನಿನ ಕಲಾವಿದರೊಡನೆ ನುಡಿಸಿದ, 1983ರ ತಟ್ಟೆ ಅದು, ಮೃದಂಗ ಟಿ.ಎ.ಎಸ್. ಮಣಿಯವರದು, ಗಾಯನ ಆರ್.ಎ. ರಮಾಮಣಿಯವರದು. ಮುಳ್ಳು ಇಳಿದು ಅರ್ಧ ನಿಮಿಷವಾಗಿಲ್ಲ, ಹಿರಿಯರೊಬ್ಬರು ಕೈಯೆತ್ತಿದರು. “ನಿಲ್ಲಿಸಿ ಮೇಷ್ಟ್ರೇ, ಇದು ರಮಾಮಣಿಯವರ ಕಂಠವಲ್ಲ. ಕಛೇರಿಯಲ್ಲಿ ಎದುರಿಗೇ ಕೂತು ಕೇಳಿದ್ದೇನೆ!”

ಅವರ ಮಾತು ನಿಜ. ಟ್ರಾನ್ಸ್‌ಫಾರ್ಮರು ವೋಲ್ಟನ್ನು ಇಳಿಸುತ್ತದೆಯೇ ಹೊರತು ವಿದ್ಯುತ್ತಿನ ಆವೃತ್ತಿಯನ್ನು ಬದಲಿಸುವುದಿಲ್ಲ. ಪರ್ಯಾಯ ವಿದ್ಯುತ್ತು ಅಮೆರಿಕದಲ್ಲಿ ಸೆಕೆಂಡಿಗೆ 60 ಆವರ್ತಗಳನ್ನು ಪೂರೈಸಿದರೆ ಇಲ್ಲಿ 50ನ್ನು ಪೂರೈಸುತ್ತದೆ. ಆ ಯಂತ್ರದ ಮೋಟಾರು ಈ ಆವೃತ್ತಿಗೆ ಹೆಜ್ಜೆ ಹಾಕಿ ತಿರುಗುವ ಜಾತಿಯದು. ಹೀಗಾಗಿ ನಿಮಿಷಕ್ಕೆ 33⅓ ಸುತ್ತು ತಿರುಗಬೇಕಾದ ತಟ್ಟೆ ಸುಮಾರು 27.8 ಸುತ್ತು ಮಾತ್ರ ತಿರುಗುತ್ತಿತ್ತು. ತಟ್ಟೆಯ ಗೀರಿನಲ್ಲಿ ಹಾಡು ಅಡಗಿರುವುದು ಅಲೆಗಳ ಉದ್ದವಾಗಿ; ಅವು ಮುಳ್ಳಿನಡಿ ಎಷ್ಟು ಬೇಗ ಸರಿಯುತ್ತವೆಂಬುದರ ಮೇಲೆ ಸ್ವರ ನಿಂತಿದೆ. ಸೆಕೆಂಡಿಗೆ 360 ಕಂಪನಗಳ ಸ್ವರ 300ಕ್ಕೆ ಇಳಿಯಿತು. 6:5ರ ಈ ಪ್ರಮಾಣ ಸಾಧಾರಣ ಗಾಂಧಾರಕ್ಕೂ ಷಡ್ಜಕ್ಕೂ ಇರುವ ಅಂತರವೇ! ಕಾಲವೂ ಅದೇ ಲೆಕ್ಕದಲ್ಲಿ ಹಿಗ್ಗಿ, 20 ನಿಮಿಷದ ಮುಖ 24 ನಿಮಿಷ ಓಡುತ್ತಿತ್ತು. ಎಲಿಂಗ್ಟನ್ನನಲ್ಲಿ ನಾವು ಮೆಚ್ಚಿದ ಸಂಯಮದಲ್ಲಿ ಎಷ್ಟು ಪಾಲು ವಿದ್ಯುತ್ ಮಂಡಲಿಯದೋ ಲೆಕ್ಕ ಹಾಕಬೇಕು.

ಅಂದಿನಿಂದ ನಮ್ಮಲ್ಲಿ ಒಂದು ಪದ್ಧತಿ ಬಂದಿದೆ. ಯಂತ್ರ ಯಾವುದಾದರೂ ಸರಿ, ಮೊದಲು ಅದರ ಮೇಲೊಂದು ರಟ್ಟಿನ ಬಿಲ್ಲೆಯನ್ನಿಡುತ್ತೇವೆ. ಇದನ್ನು ವಿದ್ಯಾರ್ಥಿಗಳು ಕೋನಮಾಪಕದಿಂದ ಮನೆಯಲ್ಲೇ ಮಾಡಿಕೊಳ್ಳಬಹುದು. ಕೇಂದ್ರದಿಂದ ಅಂಚಿನ ಕಡೆಗೆ ಎರಡೆರಡು ಡಿಗ್ರಿಗೆ ಒಂದರಂತೆ 180 ಕಪ್ಪು ಗೀಟುಗಳನ್ನು ಎಳೆಯಬೇಕು. ಮನೆಯ ವಿದ್ಯುತ್ತಿನಿಂದ ಉರಿಯುವ ಪುಟ್ಟ ನಿಯಾನ್ ದೀಪವು ಆವರ್ತವೊಂದಕ್ಕೆ ಎರಡು ಸಲದಂತೆ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಎರಡು ಮಿನುಗುಗಳ ನಡುವೆ, ಸರಿಯಾದ ವೇಗದಲ್ಲಿರುವ ಬಿಲ್ಲೆ ಕರಾರುವಾಕ್ಕಾಗಿ ಎರಡು ಡಿಗ್ರಿ ತಿರುಗಿರುತ್ತದೆ. ಒಂದು ಗೀಟಿನ ಜಾಗಕ್ಕೆ ಅದರ ಹಿಂದಿನದು ಬಂದು ನಿಂತಿರುತ್ತದೆ. ಬಿಲ್ಲೆ ತಿರುಗುತ್ತಿದ್ದರೂ ಗೀಟುಗಳು ನಿಂತಂತೆ ಕಾಣುತ್ತವೆ. ವೇಗ ಹೆಚ್ಚಾದರೆ ಅವು ಮೆಲ್ಲನೆ ಮುಂದಕ್ಕೆ, ಕಡಿಮೆಯಾದರೆ ಹಿಂದಕ್ಕೆ ತೆವಳುತ್ತವೆ. (ನಮ್ಮ ವಿದ್ಯುತ್ತಿನ ಆವೃತ್ತಿಯೂ ತುಸು ಏರಿಳಿಯುವುದುಂಟು, ಆದರೆ ಕಿವಿಯನ್ನು ಮೋಸಗೊಳಿಸುವಷ್ಟಲ್ಲ.)

ಎರಡನೆಯ ಜಗಳಕ್ಕೆ ಈ ಬಿಲ್ಲೆಯೇ ಸಾಕ್ಷಿಯಾಯಿತು. ನಿವೃತ್ತ ಮಿತ್ರರೊಬ್ಬರು ಮೈಲ್ಸ್ ಡೇವಿಸನ ‘ಕೈಂಡ್ ಆಫ್ ಬ್ಲೂ’ ತಂದಿದ್ದರು. ಅವರ ತಂದೆ 1960ರ ದಶಕದಲ್ಲಿ ಕೊಂಡ ತಟ್ಟೆ ಅದು. ತಂದೆಮಗ ಇಬ್ಬರೂ ಭಾನುವಾರ ಬೆಳಗ್ಗೆ ಮಾತಿಲ್ಲದೆ ಕೇಳುತ್ತಿದ್ದುದಂತೆ. ಅದೇ ದಿನ ಕಿರಿಯನೊಬ್ಬ ಅದರ ಸಿ.ಡಿ.ಯನ್ನು ತಂದಿದ್ದ. ಒಂದಾದಮೇಲೊಂದು ಹಾಕಿದಾಗ ಹಳೆಯ ತಟ್ಟೆಯ ಶ್ರುತಿ ತುಸು ಮೇಲಿತ್ತು. ಹಾರ್ಮೋನಿಯಂ ಹಿಡಿದು ನೋಡಿದೆವು: ಸಿ.ಡಿ.ಯ ಸ್ವರಗಳು ಮನೆಗಳಿಗೆ ಸರಿಯಾಗಿ ಕೂತವು, ತಟ್ಟೆಯವು ಮನೆಗಳ ನಡುವೆ ಎಲ್ಲೋ ಬಿದ್ದವು. “ನಿಮ್ಮ ಯಂತ್ರ ಓಡುತ್ತಿದೆ, ಸರ್” ಎಂದ ಕಿರಿಯ. ಯಂತ್ರವೂ ಆ ಹಿರಿಯರದೇ. ಅವರಿಗೆ ಸಿಟ್ಟು ಬಂದಿತು. ಬಿಲ್ಲೆಯನ್ನಿಟ್ಟರೆ ಗೀಟುಗಳು ಅಲುಗಾಡದೆ ನಿಂತಿವೆ!

ಬಿಲ್ಲೆಯೇ ತಪ್ಪಿರಬಹುದೆಂಬ ಸಂಶಯ ನನಗೂ ಬಂದಿತ್ತು. ಆದರೆ ತಟ್ಟೆಯನ್ನು ಮಗುಚಿ ಎರಡನೆಯ ಮುಖವನ್ನು ಹಾಕಿದಾಗ ಶ್ರುತಿ ಸಿ.ಡಿ.ಯೊಡನೆ ಕೂಡಿಕೊಂಡಿತು. ಒಂದೇ ಯಂತ್ರ, ಒಂದೇ ವೇಗ. ಒಂದು ಮುಖ ಸರಿ, ಇನ್ನೊಂದು ತಪ್ಪು. ಎಂದಮೇಲೆ ದೋಷ ಯಡಿಯೂರಿನಲ್ಲಿ ಹುಟ್ಟಿದುದಲ್ಲ.

ಅದು ಹುಟ್ಟಿದ್ದು ನ್ಯೂಯಾರ್ಕಿನಲ್ಲಿ. ಮೊದಲ ಮುಖದ ಮೂರು ಕೃತಿಗಳು ಮುದ್ರಣವಾದುದು 1959ರ ಮಾರ್ಚ್ 2ರಂದು, ಎರಡನೆಯ ಮುಖದವು ಏಪ್ರಿಲ್ 22ರಂದು. ಮಾರ್ಚಿನ ದಿನ ಮುಖ್ಯ ಟೇಪುಯಂತ್ರ ಸ್ವಲ್ಪ ನಿಧಾನವಾಗಿ ಓಡಿತ್ತು. ನಿಧಾನವಾಗಿ ಸರಿಯುವ ಟೇಪಿನ ಮೇಲೆ ಪ್ರತಿಯೊಂದು ಕಂಪನವೂ ಗಿಡ್ಡವಾಗಿ ದಾಖಲಾಗುತ್ತದೆ. ಸರಿಯಾದ ವೇಗದಲ್ಲಿ ಮತ್ತೆ ಓಡಿಸಿದಾಗ ಆ ಗಿಡ್ಡ ಅಲೆಗಳು ಬೇಗ ಬೇಗ ಸರಿದು ಶ್ರುತಿ ಏರುತ್ತದೆ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಲೋಕವೆಲ್ಲ ಏರಿದ ಶ್ರುತಿಯಲ್ಲೇ ಆ ಮುಖವನ್ನು ಕೇಳಿತು. ಪುಣ್ಯಕ್ಕೆ ಅಂದು ಜೊತೆಗಿದ್ದ ಎರಡನೆಯ ಟೇಪುಯಂತ್ರ ಸರಿಯಾಗಿ ಓಡಿತ್ತು. 1992ರ ಮರುಮುದ್ರಣದಲ್ಲಿ ಅದರ ಸುರುಳಿಯಿಂದ ಶ್ರುತಿಯನ್ನು ತಿದ್ದಿದರು.

ಹಿರಿಯರು ಇದನ್ನೆಲ್ಲ ಕೇಳಿ ಬಹಳ ಹೊತ್ತು ಸುಮ್ಮನಿದ್ದರು. ಅವರ ಯಂತ್ರದಲ್ಲಿ ವೇಗವನ್ನು ಸೂಕ್ಷ್ಮವಾಗಿ ಏರಿಳಿಸುವ ತಿರುಪಿದೆ. ಅವರ ಅನುಮತಿ ಪಡೆದು ಅದನ್ನು ಕೂದಲೆಳೆಯಷ್ಟು ಇಳಿಸಿದೆ. ಗೀಟುಗಳು ಹಿಂದಕ್ಕೆ ತೆವಳತೊಡಗಿದವು. ಟ್ರಂಪೆಟ್ಟು ಹಾರ್ಮೋನಿಯಮ್ಮಿಗೆ ಕೂಡಿತು. ಮೊದಲ ಕೃತಿ ಮುಗಿಯುವವರೆಗೂ ಅವರು ಕಣ್ಣುಮುಚ್ಚಿ ಕೇಳಿದರು.

“ನೀವು ಹೇಳಿದ್ದು ಸರಿ ಮೇಷ್ಟ್ರೇ, ಒಪ್ಪಿದೆ. ಈಗ ಆ ಗೀಟುಗಳನ್ನು ನಿಲ್ಲಿಸಿ” ಎಂದರು. ತಿರುಪನ್ನು ಮೊದಲಿನ ಜಾಗಕ್ಕೆ ತಂದೆ. ಅವರು ಮುಳ್ಳನ್ನೆತ್ತಿ ಮತ್ತೆ ಮೊದಲಿನಿಂದ ಇಟ್ಟರು.