ಇಲಿ ಬಿದ್ದರೆ ಊರು ಬಿಡುತ್ತಿದ್ದರೇಕೆ?

ಪ್ರಶ್ನೆ: ಪ್ಲೇಗ್ ಬಂದಾಗ ಹಿರಿಯರು ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರಂತೆ. ಅದರಿಂದ ಉಪಯೋಗ ಇತ್ತೇ? (ಚಿಮ್ಮಡದ ಓದುಗರು)

ಉತ್ತರ: ಇತ್ತು, ಬಹಳ ಇತ್ತು. 1896ರಲ್ಲಿ ಮುಂಬೈಗೆ ಬಂದ ಪ್ಲೇಗ್ ರೈಲುದಾರಿ ಹಿಡಿದು ಹುಬ್ಬಳ್ಳಿ, ಧಾರವಾಡಕ್ಕೂ ಬಂತು. 1898ರ ಆಗಸ್ಟ್‌ನಲ್ಲಿ ಬೆಂಗಳೂರು ಮುಟ್ಟಿತು. ಮಾಳಿಗೆಯಿಂದ ಇಲಿಯೊಂದು ತತ್ತರಿಸುತ್ತ ಕೆಳಗೆ ಬಿದ್ದು ಸತ್ತರೆ ಸಾಕು, ಜನ ಗಂಟುಮೂಟೆ ಕಟ್ಟುತ್ತಿದ್ದರು. ಕಾರಣ ಗೊತ್ತಿರಲಿಲ್ಲ, ಆದರೆ ಕಂಡದ್ದು ಸತ್ಯವೇ ಆಗಿತ್ತು. ಸತ್ತ ಇಲಿಯ ಮೈ ತಣ್ಣಗಾದೊಡನೆ ಅದರ ಚಿಗಟಗಳು ಬಿಸಿರಕ್ತ ಹುಡುಕಿ ಮನುಷ್ಯರ ಮೇಲೆ ಹಾರುತ್ತವೆ. ಕಚ್ಚಿದ ಕೆಲವೇ ದಿನಗಳಲ್ಲಿ ಜ್ವರ, ತೊಡೆಸಂದಿಯಲ್ಲೋ ಕಂಕುಳಲ್ಲೋ ಗಡ್ಡೆ. ಚಿಗಟದ ಪಾತ್ರವನ್ನು ಫ್ರೆಂಚ್ ವೈದ್ಯ ಪಾಲ್-ಲೂಯಿ ಸಿಮೊಂಡ್ ಕರಾಚಿಯಲ್ಲಿ ತೋರಿಸಿದ್ದು 1898ರಲ್ಲಿ. ವಿಜ್ಞಾನಿಗಳು ಅದನ್ನು ಒಪ್ಪಲು ಇನ್ನೂ ಕೆಲವು ವರ್ಷ ಬೇಕಾಯಿತು.

ಕಾಳು ತುಂಬಿದ ಮನೆಯಲ್ಲಿ ಇಲಿಗೆ ಸುಗ್ಗಿ; ಬಯಲಿನ ಕಣಿಕೆಯ ಗುಡಿಸಲಲ್ಲಿ ಅದಕ್ಕೇನಿದೆ? ಆದರೆ ಈ ದಾರಿ ಎಲ್ಲರಿಗೂ ಸಮನಾಗಿರಲಿಲ್ಲ ಎಂಬುದನ್ನು ಮರೆಯಬಾರದು. ರೈತ ಹೊಲಕ್ಕೆ ಹೋದರೂ ಅವನ ದುಡಿಮೆ ಅಲ್ಲೇ ಇತ್ತು. ರಬಕವಿ, ಬನಹಟ್ಟಿಯಂಥ ನೇಕಾರರ ಊರುಗಳಲ್ಲಿ ಕುಣಿಮಗ್ಗ ನೆಲದೊಳಗೇ ಹೂತಿರುತ್ತದೆ. ಅದನ್ನು ತಲೆಮೇಲೆ ಹೊತ್ತೊಯ್ಯಲಾಗದು. ಮನೆ ಬಿಟ್ಟರೆ ಅನ್ನ ಹೋಯಿತು, ಬಿಡದಿದ್ದರೆ ಜೀವ.

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದೂ ಈ ರೋಗದ ದೆಸೆಯಿಂದಲೇ: ಅಗಲ ರಸ್ತೆ, ಗಾಳಿ, ಬೆಳಕು. ನಿಮ್ಮ ಹಿರಿಯರು ಗುಡಿಸಲಲ್ಲಿ ಹುಡುಕಿದ್ದೂ ಅದನ್ನೇ.